46 ಸೆಕೆಂಡಿನ ಹಾಡು, ಕೈಯಲ್ಲಿ ಮಡಿಸಿದ ಹೊದಿಕೆ

ಕಳೆದ ತಿಂಗಳು ವಾಷಿಂಗ್ಟನ್ನಿನ ಮಾರ್ಟಿನ್ ಲೂಥರ್ ಕಿಂಗ್ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕಳೆದೆ. ಹಳೆಯ ದಾಖಲೆಗಳನ್ನು ನೋಡುವ ಕೋಣೆಗೆ ಚೀಲ ಒಯ್ಯುವಂತಿಲ್ಲ, ಪೆನ್ನು ತೆಗೆಯುವಂತಿಲ್ಲ, ಪೆನ್ಸಿಲ್ ಮಾತ್ರ. ಮೇಜಿನ ಮೇಲೆ ತಂದಿಟ್ಟ ಬೂದು ಪೆಟ್ಟಿಗೆಯಿಂದ ಹೊರಬಂದದ್ದು ಏಳು ಅಂಗುಲದ ಒಂದು ರೆಕಾರ್ಡಿನ ಹೊದಿಕೆ. ಮೆಟ್ಟಿಲ ಮೇಲೆ ಕುಳಿತು, ಮಂಡಿಯ ಮೇಲೆ ತೋಳಿಟ್ಟು, ತೋಳಿನೊಳಗೆ ತಲೆ ಹುದುಗಿಸಿದ ಬೋಳುತಲೆಯ ಹುಡುಗನ ಚಿತ್ರ. ನನ್ನ ಕಣ್ಣು ಮಾತ್ರ ಚಿತ್ರಕ್ಕಿಂತ ಅಂಚಿನ ಕಡೆಗೇ ಹೋಯಿತು. ಒಂದೇ ಹಾಳೆಯನ್ನು ಕತ್ತರಿಸಿ, ಮಡಿಸಿ, ಅಂಟಿಸಿದ್ದಾರೆ. ಒಂದು ಕಡೆ ಕತ್ತರಿ ಕೂದಲೆಳೆಯಷ್ಟು ಜಾರಿದೆ. ಒಳಗೆ ಅಂಟು ಒಣಗಿ ಕಂದು ಗೆರೆಯಾಗಿದೆ.

ಆ ಗೆರೆ ನನಗೆ ಹೊಸದಲ್ಲ. ಸಾಗರದಲ್ಲಿ ನಮ್ಮ ತಂದೆಯವರದು ಪುಟ್ಟ ಅಚ್ಚುಕೂಟ. ಮದುವೆಯ ಕಾಲ ಬಂತೆಂದರೆ ಮನೆಯವರೆಲ್ಲ ಚಾಪೆಯ ಮೇಲೆ ಕುಳಿತು ಲಗ್ನಪತ್ರಿಕೆಯ ಲಕೋಟೆ ಮಡಿಸುತ್ತಿದ್ದೆವು. ಅಮ್ಮ ಮೈದಾ ಕುದಿಸಿ ಅಂಟು ಮಾಡಿಕೊಡುತ್ತಿದ್ದಳು. ಅಂಟು ಹೆಚ್ಚಾದರೆ ಕಾಗದ ಸುಕ್ಕಾಗುತ್ತದೆ, ಕಡಿಮೆಯಾದರೆ ಬಿಟ್ಟುಕೊಳ್ಳುತ್ತದೆ. ಅಮೆರಿಕದ ರಾಜಧಾನಿಯ ಗ್ರಂಥಾಲಯದಲ್ಲಿ ಜೋಪಾನವಾಗಿ ಇಟ್ಟಿರುವ ವಸ್ತುವಿನಲ್ಲಿ ನಮ್ಮ ಮನೆಯ ಜಗುಲಿಯ ಕೆಲಸ ಕಂಡು ಗಂಟಲು ಕಟ್ಟಿತು.

ಆ ರೆಕಾರ್ಡ್ ಮೈನರ್ ಥ್ರೆಟ್ ಎಂಬ ಪಂಕ್ ತಂಡದ್ದು; ಪಂಕ್ ಎಂದರೆ ಬಿರುಸಾದ, ಅಲಂಕಾರವಿಲ್ಲದ ಒಂದು ಬಗೆಯ ರಾಕ್ ಸಂಗೀತ. ನನಗೆ ಅದರ ಪರಿಚಯ ಮಾಡಿಕೊಟ್ಟವರು ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು. ನಾನು ಇಲ್ಲಿಗೆ ಬಂದ ಮೊದಲ ವರ್ಷ, ವರ್ಷಾಂತ್ಯದ ಔತಣಕೂಟದಲ್ಲಿ ಎಲ್ಲರ ಕೈಯಲ್ಲೂ ವೈನ್ ಇತ್ತು. ಸೋಡಾ ಹಿಡಿದು ನಿಂತವರು ನಾವಿಬ್ಬರೇ. ನಾನೇಕೆ ಕುಡಿಯುವುದಿಲ್ಲ ಎಂದು ಅವರು ಕೇಳಿದರು. ಮನೆಯಲ್ಲಿ ನಡೆದು ಬಂದದ್ದು ಎಂದೆ. ಅವರು ನಕ್ಕು, "ನಿಮಗೆ ಮನೆ ಕಲಿಸಿತು, ನನಗೆ ಒಂದು ಹಾಡು ಕಲಿಸಿತು. ಆಗ ನನಗೆ ಹದಿನಾರು ವರ್ಷ. ಹಾಡು ಒಂದು ನಿಮಿಷವೂ ಇಲ್ಲ" ಎಂದರು. ಮರುದಿನ ಬೆಳಿಗ್ಗೆ ಮೆಟ್ರೋದಲ್ಲಿ ಕುಳಿತು ಕೇಳಿದೆ. "ಸ್ಟ್ರೇಟ್ ಎಡ್ಜ್", 46 ಸೆಕೆಂಡು. ಒಂದು ಪದವೂ ಹಿಡಿಯಲಾಗಲಿಲ್ಲ. ಎದೆಬಡಿತ ಮಾತ್ರ ಏರಿತು.

ವಾಷಿಂಗ್ಟನ್ ಎಂದರೆ ಊರಿನಲ್ಲಿರುವ ನಮ್ಮವರಿಗೆ ಶ್ವೇತಭವನ, ವೀಸಾ, ಬಿಳಿ ಕಂಬಗಳ ಕಟ್ಟಡಗಳು. ಅದೇ ನಗರದಲ್ಲಿ 1980ರಲ್ಲಿ ಶಾಲೆ ಮುಗಿಸಿದ, ಇನ್ನೂ ಮುಗಿಸದ ಹುಡುಗರು ತಮ್ಮದೇ ಒಂದು ಲೋಕ ಕಟ್ಟಿಕೊಂಡರು. ಇಯಾನ್ ಮಕಾಯ್ ಮತ್ತು ಜೆಫ್ ನೆಲ್ಸನ್ ಮೊದಲು ಟೀನ್ ಐಡಲ್ಸ್ ಎಂಬ ತಂಡದಲ್ಲಿದ್ದರು. ಕಾರ್ಯಕ್ರಮಗಳಿಂದ ಬಂದ ಹಣವನ್ನು ಯಾರೂ ಹಂಚಿಕೊಳ್ಳದೆ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ತಂಡ ಮುರಿದಾಗ ಅದರಲ್ಲಿ ಸುಮಾರು 600 ಡಾಲರ್ ಇತ್ತು. ಪಾಲು ಮಾಡಿಕೊಳ್ಳುವ ಬದಲು, ಇಲ್ಲವಾದ ತಂಡದ ಹಾಡುಗಳನ್ನೇ 1000 ಪ್ರತಿ ಅಚ್ಚು ಹಾಕಿಸಿದರು. ಅದಕ್ಕಾಗಿ ಹುಟ್ಟಿದ್ದೇ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಅವರದೇ ರೆಕಾರ್ಡ್ ಸಂಸ್ಥೆ. ಹೊದಿಕೆ ಹೇಗೆ ಮಾಡುವುದೆಂದು ತಿಳಿಯದೆ, ಇಂಗ್ಲೆಂಡಿನಿಂದ ಬಂದ ಒಂದು ರೆಕಾರ್ಡಿನ ಹೊದಿಕೆಯನ್ನು ಬಿಚ್ಚಿ ಹರಡಿ, ಅದರ ಅಂಚಿನ ಗುಂಟ ಗೆರೆ ಎಳೆದುಕೊಂಡರು. ಆಮೇಲೆ ಕತ್ತರಿ, ಅಂಟು, ಗೆಳೆಯರ ಗುಂಪು. ಹೀಗೆ ಸಾವಿರಾರು ಹೊದಿಕೆಗಳು ಅವರ ಕೈಯಿಂದಲೇ ಹೊರಟವು.

ಅದೇ ಚಳಿಗಾಲದಲ್ಲಿ ಮಕಾಯ್ ಹಾಡಲು ನಿಂತು, ನೆಲ್ಸನ್ ಡ್ರಮ್ಸ್, ಲೈಲ್ ಪ್ರೆಸ್ಲರ್ ಗಿಟಾರ್, ಬ್ರಯನ್ ಬೇಕರ್ ಬೇಸ್ ಹಿಡಿದು ಮೈನರ್ ಥ್ರೆಟ್ ಆಯಿತು. ಬೇಕರ್‌ಗೆ ಆಗ 15 ವರ್ಷ. ಹೆಸರಿಗೆ ಎರಡು ಅರ್ಥ: ಸಣ್ಣ ಬೆದರಿಕೆ ಎಂದೂ ಆಗುತ್ತದೆ, ಪ್ರಾಯಕ್ಕೆ ಬಾರದವರ ಬೆದರಿಕೆ ಎಂದೂ ಆಗುತ್ತದೆ. ಮೊದಲ ರೆಕಾರ್ಡ್ ಬಂದದ್ದು 1981ರಲ್ಲಿ. ಡಾನ್ ಜಿಯೆಂಟಾರಾ ಎಂಬುವರು ಆರ್ಲಿಂಗ್ಟನ್ನಿನ ತಮ್ಮ ಮನೆಯಲ್ಲಿ ನಡೆಸುತ್ತಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ. ಎಂಟು ಹಾಡುಗಳು, ಎಲ್ಲ ಸೇರಿ ಹತ್ತು ನಿಮಿಷವೂ ಇಲ್ಲ.

ಈ ಸಂಗೀತವನ್ನು ಮೊದಲ ಸಲ ಕೇಳುವವರು ಗದ್ದಲ ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹತ್ತನೆಯ ಸಲ ಕೇಳಿದಾಗ ಕಿವಿ ತೆರೆಯಿತು. ಪ್ರೆಸ್ಲರ್‌ನ ಗಿಟಾರಿನಲ್ಲಿ ಅಲಂಕಾರವಿಲ್ಲ, ನಡುವೆ ತಾನೇ ಮೆರೆಯುವ ತುಣುಕುಗಳಿಲ್ಲ. ಬೇಸ್ ಅದರ ಬೆನ್ನಿಗೆ ಅಂಟಿಕೊಂಡೇ ಓಡುತ್ತದೆ. ಅಷ್ಟು ವೇಗದಲ್ಲಿ ಓಡಿ, ನಾಲ್ವರೂ ಒಂದೇ ಏಟಿಗೆ ನಿಲ್ಲುತ್ತಾರೆ; ಅರೆಕ್ಷಣ ನಿಶ್ಶಬ್ದ; ಮತ್ತೆ ಒಂದೇ ಏಟಿಗೆ ಹೊರಡುತ್ತಾರೆ. ಯಕ್ಷಗಾನದ ಮುಕ್ತಾಯದಲ್ಲಿ ಚಂಡೆ, ಮದ್ದಳೆ, ಹೆಜ್ಜೆ ಮೂರೂ ಒಂದೇ ಕಡೆ ಬೀಳುವುದನ್ನು ರಾತ್ರಿಯೆಲ್ಲ ಕುಳಿತು ಕಂಡವನು ನಾನು. ಬರಿಯ ಕೋಪ ಅಷ್ಟು ಹದವಾಗಿ ನಿಲ್ಲಲಾರದು. ಅದರ ಹಿಂದೆ ದಿನವೂ ಕುಳಿತ ಅಭ್ಯಾಸವಿದೆ. "ಇನ್ ಮೈ ಐಸ್" ಹಾಡಿನಲ್ಲಿ ಮಕಾಯ್ ಎದುರಿಗಿರುವವನ ಸಬೂಬುಗಳನ್ನು ಮೊದಲು ತಣ್ಣನೆಯ ಮಾತಿನಂತೆ ಒಂದೊಂದಾಗಿ ಹೇಳುತ್ತಾರೆ, ಆಮೇಲೆ ಪ್ರತಿಯೊಂದಕ್ಕೂ ಗಂಟಲು ಹರಿಯುವಂತೆ ಉತ್ತರ ಕೊಡುತ್ತಾರೆ. ಮೆಲುದನಿ, ಕೂಗು, ಮತ್ತೆ ಮೆಲುದನಿ. ಅವರ ಹಾಡುಗಳಲ್ಲೆಲ್ಲ ನನಗೆ ಅದೇ ಶ್ರೇಷ್ಠ.

ಈ ವೇಗವನ್ನು ಅವರಿಗೆ ತೋರಿಸಿಕೊಟ್ಟವರು ಬ್ಯಾಡ್ ಬ್ರೈನ್ಸ್ ಎಂಬ ತಂಡದ ನಾಲ್ವರು ಕಪ್ಪು ಯುವಕರು. ಜಾಝ್ ಬೆರೆತ ಸಂಗೀತದಿಂದ ಆರಂಭಿಸಿ, ಪಂಕ್‌ಗೆ ತಿರುಗಿ, ರೆಗ್ಗೆಯನ್ನೂ ನುಡಿಸುತ್ತಿದ್ದ ಅಪ್ರತಿಮ ವಾದಕರು ಅವರು. ಪಂಕ್‌ನ ಈ ಅತಿವೇಗದ ಬಗೆಗೆ ಹಾರ್ಡ್‌ಕೋರ್ ಎನ್ನುತ್ತಾರೆ; ವಾಷಿಂಗ್ಟನ್ನಿನ ಹಾರ್ಡ್‌ಕೋರ್ ಎಂದರೆ ಬಿಳಿಯ ಹುಡುಗರದು ಎಂದು ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ.

ಅದೇ ಕಾರಣಕ್ಕೆ ಮೈನರ್ ಥ್ರೆಟ್‌ನ ಒಂದು ಹಾಡು ನನಗೆ ಇವತ್ತಿಗೂ ಮುಳ್ಳು. "ಗಿಲ್ಟಿ ಆಫ್ ಬೀಯಿಂಗ್ ವೈಟ್". ಕಪ್ಪು ವಿದ್ಯಾರ್ಥಿಗಳೇ ಹೆಚ್ಚಿದ್ದ ಶಾಲೆಯಲ್ಲಿ ಓದಿದ ತನ್ನನ್ನು ಬಣ್ಣದ ಮೇಲೆ ಅಳೆದರು ಎಂಬ ನೋವಿನಿಂದ ಬರೆದದ್ದು, ಅದು ಜನಾಂಗದ್ವೇಷದ ವಿರುದ್ಧದ ಹಾಡು ಎಂದು ಮಕಾಯ್ ಹೇಳುತ್ತಾ ಬಂದಿದ್ದಾರೆ. ಅವರ ಮಾತನ್ನು ನಂಬುತ್ತೇನೆ. ಆದರೂ ಜನಾಂಗದ್ವೇಷಿಗಳು ಅದನ್ನು ತಮ್ಮದೆಂದು ಎತ್ತಿಕೊಳ್ಳುವಷ್ಟು ಬಾಗಿಲನ್ನು ಆ ಸಾಲುಗಳು ತೆರೆದಿಟ್ಟವು. ಕಂದು ಚರ್ಮ ಹೊತ್ತು ಇಲ್ಲಿ ಬದುಕುವ ನಾನು ಆ ಹಾಡು ಬಂದಾಗ ಮುಂದಿನದಕ್ಕೆ ಹೋಗುತ್ತೇನೆ. ಸಹೋದ್ಯೋಗಿಗೂ ಹೀಗೆಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು.

ಇನ್ನು ಈ ಹುಡುಗರು ಕೈಯ ಮೇಲೆ ಹಾಕಿಕೊಳ್ಳುತ್ತಿದ್ದ ಎಕ್ಸ್ ಗುರುತು. 1980ರಲ್ಲಿ ಟೀನ್ ಐಡಲ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಮಬುಹೈ ಗಾರ್ಡನ್ಸ್ ಎಂಬ ಕ್ಲಬ್‌ನಲ್ಲಿ ಹಾಡಲು ಹೋದಾಗ, ಇವರಿಗೆ ಮದ್ಯ ಕೊಡಬಾರದು ಎಂದು ತಿಳಿಯಲಿ ಎಂದು ಅಲ್ಲಿನವರು ಕೈಯ ಮೇಲೆ ಎಕ್ಸ್ ಬರೆದರು. ಹುಡುಗರು ಅದನ್ನೇ ಊರಿಗೆ ತಂದು, "ಈ ಗುರುತು ಹಾಕಿ ಚಿಕ್ಕವರನ್ನೂ ಒಳಗೆ ಬಿಡಿ, ನಾವು ಕುಡಿಯುವುದಿಲ್ಲ, ಸಂಗೀತ ಕೇಳುತ್ತೇವೆ" ಎಂದು ಕ್ಲಬ್‌ಗಳನ್ನು ಕೇಳಿಕೊಂಡರು. ಹೊರಗಿಡಲು ಹಾಕಿದ ಗುರುತು ಒಳಗೆ ಹೋಗುವ ಚೀಟಿಯಾಯಿತು. "ಸ್ಟ್ರೇಟ್ ಎಡ್ಜ್" ಹಾಡು ಕುಡಿಯದ ಈ ನಿಲುವಿಗೆ ಹೆಸರು ಕೊಟ್ಟಿತು. ಕುಡಿಯದೆ, ಮಾದಕ ವಸ್ತು ಮುಟ್ಟದೆ ಬದುಕುತ್ತೇನೆ ಎನ್ನುವ ಎಳೆಯರು ದೇಶದೇಶಗಳಲ್ಲಿ ಹುಟ್ಟಿಕೊಂಡರು.

ಮಕಾಯ್‌ಗೆ ಇದರಿಂದ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ತನ್ನ ಬದುಕಿನ ಬಗ್ಗೆ ಬರೆದದ್ದನ್ನು ಜನ ವ್ರತದ ಕಟ್ಟಳೆಯಾಗಿ ಓದಿದರು. ಮುಂದೆ ಕೆಲವರು ಕುಡಿದವರ ಮೇಲೆ ಕೈ ಮಾಡುವ ಮಟ್ಟಕ್ಕೂ ಹೋದರು. "ಔಟ್ ಆಫ್ ಸ್ಟೆಪ್" ಹಾಡಿನ ಆರಂಭದ ಸಾಲುಗಳಲ್ಲಿ "ನಾನು" ಎಂಬ ಪದ ಕಿವಿಗೆ ಬೀಳುವುದಿಲ್ಲ; ಸೇದಬೇಡ, ಕುಡಿಯಬೇಡ ಎಂಬ ಅಪ್ಪಣೆಯಂತೆ ಕೇಳುತ್ತದೆ. ನೆಲ್ಸನ್‌ಗೆ ಅದು ಒಗ್ಗಲಿಲ್ಲ. ತಂಡದೊಳಗೇ ಜಗಳವಾಗಿ, ಅಚ್ಚಾದ ಸಾಹಿತ್ಯದಲ್ಲಿ "ನಾನು" ಎಂಬುದನ್ನು ಆವರಣ ಚಿಹ್ನೆಯೊಳಗೆ ಸೇರಿಸಿದರು. 1983ರಲ್ಲಿ ಹಾಡನ್ನು ಮತ್ತೆ ಧ್ವನಿಮುದ್ರಿಸಿದಾಗ ಮಕಾಯ್ ನಡುವೆ ನಿಂತು, ಇದು ನಿಯಮಗಳ ಪಟ್ಟಿಯಲ್ಲ, ಏನು ಮಾಡಬೇಕೆಂದು ನಿಮಗೆ ಹೇಳುತ್ತಿಲ್ಲ ಎಂದು ಮಾತಿನಲ್ಲೇ ಬಿಡಿಸಿ ಹೇಳಿದರು. ಇಪ್ಪತ್ತರ ಆಸುಪಾಸಿನ ಹುಡುಗರು ಒಂದು ಸರ್ವನಾಮಕ್ಕಾಗಿ ಜಗಳವಾಡಿದರು. ಅಚ್ಚಿನ ಮೊಳೆಗಳ ನಡುವೆ ಬೆಳೆದ ನನಗೆ ಅವರ ಮೇಲೆ ಪ್ರೀತಿ ಉಕ್ಕಿದ್ದು ಇದನ್ನು ತಿಳಿದಾಗ.

1983ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಾರ್ಯಕ್ರಮ ಆಯಿತು. ಮೂರೇ ವರ್ಷ, ಅದರಲ್ಲೂ ಪ್ರೆಸ್ಲರ್ ಕಾಲೇಜಿಗೆ ಹೋಗಿ ಬಂದ ಕೆಲವು ತಿಂಗಳು ತಂಡವೇ ಇರಲಿಲ್ಲ. ಕೊನೆಕೊನೆಗೆ ಸಂಗೀತ ಎತ್ತ ಸಾಗಬೇಕೆಂಬುದರಲ್ಲಿ ಒಮ್ಮತ ಉಳಿಯಲಿಲ್ಲ. ಕೊನೆಯ ಹಾಡುಗಳು 1985ರಲ್ಲಿ ಬಂದವು. ಅವುಗಳಲ್ಲಿ "ಸ್ಯಾಲಡ್ ಡೇಸ್" ಬೇಸ್‌ನ ಒಂಟಿ ದನಿಯಿಂದ ಆರಂಭವಾಗುತ್ತದೆ, ನಡುವೆ ಗಂಟೆಯ ನಾದವಿದೆ. ಮಕಾಯ್ ಮುಂದೆ ಫುಗಾಜಿ ತಂಡ ಕಟ್ಟಿ, ಟಿಕೆಟ್ಟು ಸಾಮಾನ್ಯವಾಗಿ ಐದು ಡಾಲರ್ ಮೀರದಂತೆ ನೋಡಿಕೊಂಡು, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದು ವರ್ಷಗಟ್ಟಲೆ ಹಾಡಿದರು. ಡಿಸ್ಕಾರ್ಡ್ ಇಂದಿಗೂ ಇದೆ. ಇದೇ ಊರಿನ ತಂಡಗಳ ರೆಕಾರ್ಡುಗಳನ್ನಷ್ಟೇ ತರುತ್ತದೆ, ಕರಾರುಪತ್ರ ಬರೆಸಿಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಸಹೋದ್ಯೋಗಿ ನನ್ನನ್ನು ಫೋರ್ಟ್ ರೀನೋ ಉದ್ಯಾನಕ್ಕೆ ಕರೆದುಕೊಂಡು ಹೋದರು. ಈ ನಗರದ ಅತಿ ಎತ್ತರದ ನೆಲ ಅದು. ಮಕಾಯ್ ಮತ್ತು ನೆಲ್ಸನ್ ಓದಿದ ಶಾಲೆ ಪಕ್ಕದಲ್ಲೇ ಇದೆ. ಹುಲ್ಲಿನ ಮೇಲೆ ಚಾದರ ಹಾಸಿ ಕುಳಿತವರಲ್ಲಿ ಅಜ್ಜಂದಿರಿದ್ದರು, ಕೈಗೂಸುಗಳಿದ್ದವು. ಟಿಕೆಟ್ಟಿಲ್ಲ, ಮದ್ಯಕ್ಕೆ ಅವಕಾಶವಿಲ್ಲ. ಪುಟ್ಟ ವೇದಿಕೆಯ ಮೇಲೆ ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಗಿಟಾರಿನ ಶ್ರುತಿ ಮಾಡಿಕೊಳ್ಳುತ್ತಿದ್ದಳು. ಹಾಡು ಮುಗಿದ ಮೇಲೆ ತಾನೇ ಕೆಳಗಿಳಿದು ಬಂದು, ಬೂಟಿನ ಪೆಟ್ಟಿಗೆಯಿಂದ ತನ್ನ ತಂಡದ ಕ್ಯಾಸೆಟ್ಟುಗಳನ್ನು ತೆಗೆದು ಮಾರಿದಳು. ಹೊದಿಕೆ ಜೆರಾಕ್ಸ್ ಮಾಡಿದ್ದು, ಮಡಿಕೆ ಕೈಯದು. ನಾನೊಂದು ಕೊಂಡೆ.

ಗ್ರಂಥಾಲಯದಲ್ಲಿ ಅನುಮತಿ ಪಡೆದು ಆ ಹಳೆಯ ಹೊದಿಕೆಯ ಫೋಟೋ ತೆಗೆದುಕೊಂಡಿದ್ದೆ. ರಾತ್ರಿ ತಂದೆಯವರ ಮೊಬೈಲಿಗೆ ಕಳಿಸಿ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತು ದಾಟಿದೆ. ಟ್ರೆಡಲ್ ಅಚ್ಚುಯಂತ್ರ ಮಾರಿ ಎಷ್ಟೋ ಕಾಲವಾಯಿತು. ಸಂಗೀತದ ಮಾತು ಅವರು ಎತ್ತಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಾರೆಂದು ಉಸಿರಾಟದಿಂದಲೇ ತಿಳಿಯಿತು.

"ಕತ್ತರಿ ಮೊಂಡಾಗಿತ್ತು. ಮಡಿಕೆ ಸರಿಯಾಗಿದೆ. ಎಷ್ಟು ಪ್ರತಿ?"

ಮೊದಲನೆಯದು ಸಾವಿರ ಅಪ್ಪಯ್ಯ, ಆಮೇಲೆ ಬಹಳ ಆಯಿತು ಎಂದೆ.

"ಸಾವಿರಕ್ಕೆ ನಾಲ್ಕು ಜನ ಕುಳಿತರೆ ಎರಡು ರಾತ್ರಿ ಬೇಕು" ಎಂದರು. ಸ್ವಲ್ಪ ತಡೆದು, "ಅಂಟು ಯಾವುದಂತೆ?" ಎಂದು ಕೇಳಿದರು.