ಠಾಗೋರರ ಮುಖ, ಮೂರನೇ ಚಿತ್ರ

ಮೂರನೇ ಚಿತ್ರ ನಿನ್ನೆ ರಾತ್ರಿ ಮುಗಿಯಿತು. ರವೀಂದ್ರನಾಥ ಠಾಗೋರರನ್ನು ಬೇರೆ ಬೇರೆ ಕಲಾವಿದರು ಹೇಗೆ ಕಂಡರು ಅಂತ ನೋಡಿಕೊಂಡು, ಒಂದೊಂದನ್ನೇ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲೂ ಅವರ ಚಿತ್ರಗಳಿವೆ. ಚಿಕ್ಕಮಗಳೂರಿನಲ್ಲಿ ಕೂತು ಅವನ್ನೆಲ್ಲ ಕಂಪ್ಯೂಟರಿನಲ್ಲೇ ದೊಡ್ಡದು ಮಾಡಿ ನೋಡುತ್ತೇನೆ.

ಈ ಸಲ ಇಂಗ್ಲಿಷ್ ಚಿತ್ರಕಾರ ವಿಲಿಯಂ ರೋಥೆನ್‌ಸ್ಟೈನ್ ಬರೆದ ಠಾಗೋರ್. 1912ರಲ್ಲಿ ಲಂಡನ್ನಿಗೆ ಹೋದ ಠಾಗೋರರು ತಮ್ಮ ಇಂಗ್ಲಿಷ್ ಅನುವಾದಗಳನ್ನು ಓದಲು ಕೊಟ್ಟಿದ್ದು ಇವರಿಗೇ. ಅವನ್ನು ಕವಿ ಯೇಟ್ಸ್‌ಗೆ ತಲುಪಿಸಿದ್ದೂ ಇವರೇ. ಅದೇ ವರ್ಷ ಆ ಅನುವಾದಗಳ ಪುಸ್ತಕ, ಇಂಗ್ಲಿಷ್ 'ಗೀತಾಂಜಲಿ', 750 ಪ್ರತಿ ಅಚ್ಚಾಯಿತು. ಪುಸ್ತಕ ತೆರೆದರೆ ಮೊದಲು ಕಾಣುವುದು ರೋಥೆನ್‌ಸ್ಟೈನ್ ಬರೆದ ಕವಿಯ ಮುಖ. ಅರ್ಪಣೆಯೂ ಅವರಿಗೇ. ಸ್ನೇಹಿತನ ಕೈ ಬರೆದ ಚಿತ್ರ ಅಂತ ಗೊತ್ತಾದ ಮೇಲೆ ನನ್ನ ಪೆನ್ಸಿಲ್ಲೂ ಸ್ವಲ್ಪ ಮೆತ್ತಗಾಯಿತು.

ಮೊದಲ ಪ್ರಯತ್ನ ಕೆಟ್ಟಿತು. ಗಡ್ಡದಿಂದ ಶುರು ಮಾಡಿದ್ದೇ ತಪ್ಪು. ಅಮ್ಮ ನೋಡಿ, "ಯಾವ ಮಠದ ಸ್ವಾಮಿಗಳೋ ಇವರು?" ಅಂದರು. ಅವರು ಹೇಳಿದ್ದು ಸರಿ. ನನ್ನ ತಲೆಯಲ್ಲಿದ್ದಿದ್ದು ಶಾಲೆ ಗೋಡೆಯ ಮೇಲಿನ ಬಿಳಿಗಡ್ಡದ ಅಜ್ಜ. ಆದರೆ 1861ರಲ್ಲಿ ಹುಟ್ಟಿದವರಿಗೆ ಆಗಿನ್ನೂ 51, ಅಲ್ವಾ? ಕಣ್ಣಿನ ಕೆಳಗೆ ನಾನು ಸುಮ್ನೆ ಎಳೆದಿದ್ದ ಸುಕ್ಕುಗಳನ್ನೆಲ್ಲ ಅಳಿಸಿದೆ. ಹೊಸ ಹಾಳೆಯಲ್ಲಿ ಮೊದಲು ಹಣೆ, ಮೂಗಿನ ಏಣು, ಆಮೇಲೆ ಅರ್ಧ ಇಳಿದ ರೆಪ್ಪೆ. ಗಡ್ಡ ಕೊನೆಗೆ. ರೆಪ್ಪೆ ಸರಿ ಕೂತ ಕ್ಷಣ ಠಾಗೋರರೇ ಎದುರಿಗೆ ಬಂದು ಕೂತ ಹಾಗಾಯಿತು. ಆಗ ರಾತ್ರಿ ಹನ್ನೊಂದೂವರೆ. ಖುಷಿ ತಡೆಯಲಾಗದೆ ಅಮ್ಮನನ್ನು ಎಬ್ಬಿಸಿದೆ.

ಮಳೆ ಇನ್ನೊಂದು ಕಾಟ. ಈ ತಿಂಗಳು ಹಾಳೆ ಥಂಡಿ ಹಿಡಿದು, 4ಬಿ ಪೆನ್ಸಿಲ್ ಸರಿಯಾಗಿ ಕೂರುತ್ತಿಲ್ಲ, ಅಳಿಸಿದರೆ ನೂಲೇಳುತ್ತದೆ. ಈಗ ಹಾಳೆಗಳನ್ನು ಬಚ್ಚಲು ಒಲೆಯಿಂದ ನಾಲ್ಕು ಅಡಿ ದೂರ, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ನೇತು ಹಾಕುತ್ತೇನೆ. ಅರ್ಧ ಗಂಟೆ ಸಾಕು. ಜಾಸ್ತಿ ಬಿಟ್ಟರೆ ಸುರುಳಿ ಸುತ್ತುತ್ತದೆ.

ಮುಂದಿನದು ರಾಮ್‌ಕಿಂಕರ್ ಬೈಜ್ ಮಾಡಿದ ಠಾಗೋರರ ತಲೆ. ಅದು ಶಿಲ್ಪ, ಒರಟು ಮೈ, ಬಾಗಿದ ಕತ್ತು. ಅಲ್ಲಿ ಸುಕ್ಕು, ದಣಿವು ಎಲ್ಲಾ ಬೇಕು. ಅದಕ್ಕೆ ಇದ್ದಿಲೇ ಸರಿ ಅನ್ನಿಸಿದೆ. ನಾಲ್ಕು ಹಾಳೆ ಆಗಲೇ ತಂತಿಯ ಮೇಲಿವೆ.