ಯುದ್ಧ ಅಂತೆ, ಸಾಮಾನು ತುಂಬಿಸಿಡಬೇಕಾ?

ದಾವಣಗೆರೆಯಲ್ಲಿ ನನ್ನದೊಂದು ದಿನಸಿ ಅಂಗಡಿ. ಅಪ್ಪ ಇಟ್ಟದ್ದು, ಈಗ ನಾನು ಕೂರುತ್ತೇನೆ. ಜಗತ್ತಿನಲ್ಲಿ ಎಲ್ಲೇ ಏನಾಗಲಿ, ಅರ್ಧ ದಿನದೊಳಗೆ ಅದು ನನ್ನ ಗಲ್ಲಾದ ಮುಂದೆ ಬಂದು ನಿಲ್ಲುತ್ತದೆ. ಬರುವುದು ಒಂದೇ ಪ್ರಶ್ನೆಯಾಗಿ: "ಅಣ್ಣಾ, ಸ್ವಲ್ಪ ಜಾಸ್ತಿ ತಗೊಂಡು ಇಟ್ಕೊಳ್ಳೋದು ಒಳ್ಳೇದಾ?" ಅಂಗಡಿಯಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಒಮ್ಮೆ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ನೊರೆ ಹಚ್ಚಿ, ಕತ್ತಿಗೆ ಬ್ಲೇಡು ಹಾಕುತ್ತಾ ಕೇಳಿದ್ದರು. ಆಗ ಬಾಯಿ ತೆರೆಯುವ ಹಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಣ್ಣ ಉತ್ತರ ಮೊದಲು. ಹದಿನೈದು ದಿನಕ್ಕಾಗುವಷ್ಟು ಸಾಮಾನು ಮನೆಯಲ್ಲಿ ಯಾವಾಗಲೂ ಇರಲಿ. ಸುದ್ದಿ ಬಂದ ದಿನ ಮಾತ್ರ ಅಂಗಡಿಗೆ ಬರಬೇಡಿ. ವ್ಯಾಪಾರಸ್ಥ ಹೀಗೆ ಹೇಳಿದರೆ ಹೊಟ್ಟೆ ತುಂಬುತ್ತಾ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅವಳಿಗೂ ಸೇರಿಸಿಯೇ ಹೇಳುತ್ತೇನೆ, ಕೇಳಿ.

2025ರ ಮೇ 7. ಬೆಳಗ್ಗೆ ಎದ್ದರೆ ಆಪರೇಷನ್ ಸಿಂಧೂರದ ಸುದ್ದಿ. ಅವತ್ತೇ ದೇಶದ ಹಲವು ಕಡೆ ಅಣಕು ಕಸರತ್ತು, ಸೈರನ್ ಕೂಗುತ್ತೆ, ಲೈಟ್ ಆರಿಸಬೇಕು ಅಂತ ಹಿಂದಿನ ದಿನದಿಂದಲೇ ಟಿವಿಯಲ್ಲಿ ಬರುತ್ತಿತ್ತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರಿನ ಹೆಸರಿತ್ತು. ದಾವಣಗೆರೆ ಇರಲಿಲ್ಲ. ಆದರೂ ಹತ್ತು ಗಂಟೆಗೆಲ್ಲ ನನ್ನ ಅಂಗಡಿ ಮುಂದೆ ಹಬ್ಬದ ಹಿಂದಿನ ದಿನದಂಥ ಜನ.

ಮೊದಲು ಬಂದವರು ನಮ್ಮ ಬೀದಿಯ ಟೀಚರಮ್ಮ. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು. ನನಗೂ ಮಗ್ಗಿ ಕಲಿಸಿದವರು.

"ಮೇಣದಬತ್ತಿ ಕೊಡಪ್ಪ, ದೊಡ್ಡವು, ಆರು."

"ಯಾಕೆ ಟೀಚರ್?"

"ಬ್ಲ್ಯಾಕ್‌ಔಟ್ ಅಂತಲ್ಲೋ. ಕತ್ತಲಲ್ಲಿ ಏನ್ ಮಾಡ್ಲಿ?"

"ಟೀಚರ್, ಬ್ಲ್ಯಾಕ್‌ಔಟ್ ಅಂದ್ರೆ ಬೆಳಕು ಹೊರಗೆ ಕಾಣಬಾರ್ದು ಅಂತ. ಮೇಣದಬತ್ತಿ ಹಚ್ಚಿದ್ರೆ ಅದೇ ಆಯ್ತಲ್ವಾ?"

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ, "1971ರಲ್ಲಿ ಮುಂಬೈಯಲ್ಲಿ ದೊಡ್ಡಪ್ಪನ ಮನೇಲಿದ್ದೆ. ಕಿಟಕಿಗೆಲ್ಲ ಕಪ್ಪು ಕಾಗದ ಅಂಟಿಸಿದ್ವಿ. ನನಗೆ ಹೇಳಿಕೊಡ್ತೀಯಾ? ಆರು ಕೊಡು" ಅಂದರು. ಕೊಟ್ಟೆ.

ಅವರ ಹಿಂದೆ ನಿಂತಿದ್ದ ಅಕ್ಕ ಒಬ್ಬರು ಬಂದದ್ದು ಕಾಲು ಕೆಜಿ ಸಾಸಿವೆಗೆ. ಟೀಚರಮ್ಮನ ಚೀಲ ನೋಡಿದರು. ನೋಡಿ, "ನನಗೂ ಮೇಣದಬತ್ತಿ ಹಾಕಿ, ಹಂಗೇ ಎಣ್ಣೆ ನಾಲ್ಕು" ಅಂದರು. ಅವರ ಹಿಂದಿನವರು ಇವರ ಚೀಲ ನೋಡಿದರು. ಇಷ್ಟೇ ರೀ ಕಥೆ. ಮುಂದಿನವರ ಚೀಲ ನೋಡಿ ಎಷ್ಟೋ ಜನ ಖರೀದಿ ಮಾಡುತ್ತಾರೆ. ಟಿವಿ ನೋಡಿ ಮಾಡುವವರು ಕಡಿಮೆ.

ಅಂಗಡಿಯ ಲೆಕ್ಕ ಹೇಳುತ್ತೇನೆ. ನನಗೆ ಕಾಯಂ ಗಿರಾಕಿಗಳು ಸುಮಾರು ಇನ್ನೂರು ಮನೆ. ದಿನಕ್ಕೆ ಹದಿನೈದು ಇಪ್ಪತ್ತು ಮನೆಯವರು ಎಣ್ಣೆ ಒಯ್ಯುತ್ತಾರೆ. ಅದಕ್ಕೆ ತಕ್ಕಂತೆ ವಾರಕ್ಕೆರಡು ಸಲ ಮಾಲು ಇಳಿಸುತ್ತೇನೆ. ಜಾಸ್ತಿ ಇಳಿಸಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಅರವತ್ತು ಮನೆಯವರು ಒಂದೇ ಸಂಜೆ ಬಂದು ಮೂರು ಮೂರು ಪೌಚ್ ಎತ್ತಿದರೆ 180 ಆಯಿತು. ಅಷ್ಟು ನನ್ನ ಹತ್ರ ಯಾವತ್ತೂ ಇರೋದಿಲ್ಲ. ಅರವತ್ತೊಂದನೆಯವರು ಬಂದು ಖಾಲಿ ರ‍್ಯಾಕ್ ನೋಡುತ್ತಾರೆ, ಫೋಟೊ ಹೊಡೆಯುತ್ತಾರೆ. ರಾತ್ರಿಯೊಳಗೆ ಆ ಫೋಟೊ "ದಾವಣಗೆರೆಯಲ್ಲಿ ಎಣ್ಣೆ ಖಾಲಿ" ಅಂತ ನನ್ನ ಫೋನಿಗೇ ವಾಪಸ್ ಬರುತ್ತದೆ, ಬಹಳ ಸಲ ಕೈ ಬದಲಾಯಿಸಿದ ಸಂದೇಶ ಅಂತ ವಾಟ್ಸ್‌ಆಪ್ ಹಾಕುವ ಎರಡು ಬಾಣದ ಗುರುತು ಹೊತ್ತುಕೊಂಡು. ನನ್ನದೇ ರ‍್ಯಾಕು, ಮೂಲೆಯಲ್ಲಿ ನನ್ನದೇ ಕಸಬರಿಗೆ. ಯಾರು ಕಳಿಸಿದ್ದು ಅಂತ ನೋಡಿದರೆ ನನ್ನ ಷಡ್ಡಕ!

ಅದೇ ಮೇ ತಿಂಗಳ 8ರ ರಾತ್ರಿ ಕರಾಚಿ ಬಂದರು ಉರಿಯುತ್ತಿದೆ ಅಂತ ಟಿವಿಯಲ್ಲೇ ಬಂತು. ಆಗಿರಲಿಲ್ಲ. ಅಂಗಡಿಯ ಹುಡುಗ ವಿಮಾನ ಹೊಡೆದುರುಳಿಸುವ ವಿಡಿಯೊ ಒಂದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಪಕ್ಕದ ಮನೆಯ ಎಂಟನೇ ಕ್ಲಾಸಿನ ಪೋರ ನೋಡಿ, "ಇದು ಗೇಮ್ ಅಲ್ವಾ?" ಅಂದ. ನಿಜವಾಗಿ ಗೇಮೇ. ಅಂಥ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಓಡಾಡುತ್ತಿವೆ ಅಂತ ಸರ್ಕಾರದ ಫ್ಯಾಕ್ಟ್‌ಚೆಕ್‌ನವರೂ ಆ ದಿನಗಳಲ್ಲಿ ಹೇಳಿದರು. ನಮ್ಮ ಹುಡುಗನಿಗೆ ಅವಮಾನವಾಯಿತೇ ಹೊರತು ವಿಡಿಯೊ ಡಿಲೀಟ್ ಮಾಡಲಿಲ್ಲ. "ಚೆನ್ನಾಗೈತಲ್ಲಣ್ಣ" ಅಂದ.

ಹಾಗಂತ ಯುದ್ಧಕ್ಕೂ ಅಂಗಡಿಗೂ ಸಂಬಂಧವೇ ಇಲ್ಲ ಅನ್ನುತ್ತಿಲ್ಲ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ಬಿತ್ತು. ನಮ್ಮ ದೇಶಕ್ಕೆ ಹೊರಗಿಂದ ಬರುವ ಸೂರ್ಯಕಾಂತಿ ಎಣ್ಣೆಯಲ್ಲಿ ಆಗ ಬಹುಪಾಲು ಉಕ್ರೇನಿನದು, ಮಿಕ್ಕಿದ್ದರಲ್ಲಿ ಜಾಸ್ತಿ ರಷ್ಯಾದ್ದು. ಇಬ್ಬರೂ ಹೊಡೆದಾಡಿಕೊಂಡರೆ ಎಣ್ಣೆ ಏರಲೇಬೇಕು. ಆದರೆ ಗಿರಾಕಿಗಳು ನನ್ನನ್ನು ಬೈದದ್ದು ಬೇರೆ ಕಾರಣಕ್ಕೆ: "ಇದು ಹಳೇ ಸ್ಟಾಕು, ಯುದ್ಧಕ್ಕೆ ಮುಂಚೆ ಬಂದಿದ್ದು, ಇದಕ್ಯಾಕೆ ಜಾಸ್ತಿ?" ಮಾತು ನ್ಯಾಯವಾದದ್ದೇ. ಕಪ್ಪು ಸಮುದ್ರದಿಂದ ಹಡಗು ಇಲ್ಲಿಗೆ ಬರಲು ವಾರಗಟ್ಟಲೆ ಬೇಕು. ಅವತ್ತು ನನ್ನ ರ‍್ಯಾಕಿನಲ್ಲಿ ಇದ್ದದ್ದು ಯಾವತ್ತೋ ಬಂದ ಎಣ್ಣೆ. ಆದರೆ ಅದನ್ನು ಮಾರಿದ ದುಡ್ಡಲ್ಲಿ ನಾಳೆ ನಾನು ಹೊಸ ಮಾಲು ತರಬೇಕಲ್ಲ? ಹೋಲ್‌ಸೇಲಿನವರು ಅವತ್ತೇ ಸಂಜೆ ಹೊಸ ರೇಟು ಹೇಳಿಬಿಟ್ಟಿದ್ದರು.

ಇನ್ನೊಂದು ಒಳಗಿನ ಮಾತು. ಪೌಚಿನ ಮೇಲೆ ಅಚ್ಚಾದ ಎಂಆರ್‌ಪಿ ಅಷ್ಟು ಬೇಗ ಬದಲಾಗುವುದಿಲ್ಲ, ಅದರ ಮೇಲೆ ಒಂದು ರೂಪಾಯಿಯೂ ತೆಗೆದುಕೊಳ್ಳುವ ಹಾಗಿಲ್ಲ. ಮಾಮೂಲಿ ದಿನಗಳಲ್ಲಿ ಅದಕ್ಕಿಂತ ಹದಿನೈದು ಇಪ್ಪತ್ತು ರೂಪಾಯಿ ಕಡಿಮೆಗೆ ಮಾರುತ್ತಿರುತ್ತೇವೆ. ಸುದ್ದಿ ಬಂದ ದಿನ ಮೊದಲು ಮಾಯವಾಗುವುದು ಆ ಇಪ್ಪತ್ತು. ಅಂದರೆ ಹೆದರಿಕೊಂಡು ಮೊದಲ ದಿನವೇ ಓಡಿಬಂದವರು ಕಡಿತ ಕಳೆದುಕೊಂಡು ಕೊಂಡವರು.

ಇದನ್ನೆಲ್ಲ ತಿಳಿದ ನಾನು ಏನು ಮಾಡಿದೆ ಗೊತ್ತಾ? ಮಾರ್ಚ್ ಮೊದಲ ವಾರದಲ್ಲಿ, ಇನ್ನೂ ಏರುತ್ತೆ ಅಂತ ಯಾರೋ ಗ್ರೂಪಿನಲ್ಲಿ ಹಾಕಿದ್ದನ್ನು ನೋಡಿ, ನಲವತ್ತು ಡಬ್ಬ ಇಳಿಸಿದೆ. ಹದಿನೈದು ಲೀಟರಿನ ಡಬ್ಬ, ಒಂದೊಂದಕ್ಕೆ ಎರಡೂವರೆ ಸಾವಿರದ ಮೇಲೆ. ಹೆಂಡತಿಯ ಚೀಟಿ ದುಡ್ಡನ್ನೂ ಅದರಲ್ಲಿ ಹಾಕಿದೆ. ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು. ಹೇಳಲು ನಾಚಿಕೆ, ಅವತ್ತು ನನಗೆ ಖುಷಿಯಾಯಿತು. ಮೇ 23ಕ್ಕೆ ಅವರು ಮತ್ತೆ ಬಿಟ್ಟರು. ಆಮೇಲೆ ರೇಟು ಇಳಿಯತೊಡಗಿತು. ಗಣಪತಿ ಹಬ್ಬದ ಹೊತ್ತಿಗೆ ಮಿಕ್ಕಿದ್ದ ಡಬ್ಬಗಳನ್ನು ಮೆಸ್ಸಿನವರಿಗೆ ಅಸಲಿಗಿಂತ ಕಡಿಮೆಗೆ ಕೊಟ್ಟು ಕೈ ತೊಳೆದುಕೊಂಡೆ. ಹನ್ನೆರಡು ಸಾವಿರ ಹೋಯಿತು. ಮಂಡಿಪೇಟೆ ಕಡೆ ಮಿರ್ಚಿ ಗಾಡಿ ಇಟ್ಟಿರುವ ನನ್ನ ಗೆಳೆಯನದು ನನಗಿಂತ ಒಳ್ಳೆ ತಲೆ. ಅವನು ರೇಟು ಏರಿಸಲಿಲ್ಲ. "ರೇಟು ಏರ್ಸಿದ್ರೆ ಜನ ಬೈತಾರೆ. ಮೆಣಸಿನಕಾಯಿ ಸಣ್ಣವು ಹಾಕಿದ್ರೆ ಯಾರೂ ನೋಡಲ್ಲ" ಅಂದ.

ಈ ಸೂರ್ಯಕಾಂತಿ ನಮಗೇನೂ ದೂರದ್ದಲ್ಲ. 1969ರ ಸುಮಾರಿಗೆ ಸೋವಿಯತ್ ಒಕ್ಕೂಟದಿಂದ ಬೀಜ ತರಿಸಿ ನಮ್ಮ ದೇಶದಲ್ಲಿ ಎಣ್ಣೆಗಾಗಿ ಬೆಳೆಯಲು ಶುರು ಮಾಡಿದರು. ಆಗ ಉಕ್ರೇನ್ ಕೂಡ ಅದರೊಳಗೇ ಇತ್ತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಎಸ್‌ಎಚ್-1 ಅಂತ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಟ್ಟರು. ನಾನು ಚಿಕ್ಕವನಿದ್ದಾಗ ಚಿತ್ರದುರ್ಗದ ಕಡೆ ಬಸ್ಸಲ್ಲಿ ಹೋದರೆ ರಸ್ತೆಯ ಎರಡೂ ಕಡೆ ಹಳದಿಯೋ ಹಳದಿ. ಆಮೇಲೆ ಗಿಳಿ ಕಾಟ, ರೋಗ, ಕೈಗೆ ಹತ್ತದ ರೇಟು. ಹೊರಗಿನ ಎಣ್ಣೆ ಅಗ್ಗಕ್ಕೆ ಬರತೊಡಗಿದ ಮೇಲೆ ನಮ್ಮ ರೈತರು ಮೆಕ್ಕೆಜೋಳಕ್ಕೆ ಹೋದರು. ಹತ್ತಿರದ ಚಳ್ಳಕೆರೆಯನ್ನು ಶೇಂಗಾ ಎಣ್ಣೆ ಮಿಲ್ಲುಗಳಿಂದಾಗಿ ಎರಡನೇ ಮುಂಬೈ ಅನ್ನುತ್ತಿದ್ದರು. ಅಷ್ಟು ಎಣ್ಣೆ ತೆಗೆಯುತ್ತಿದ್ದ ಸೀಮೆಯವರು ನಾವು. ಈಗ ಉಕ್ರೇನಿನ ಒಡೆಸಾ ಬಂದರು ಮುಚ್ಚಿದರೆ ನಮ್ಮ ಒಗ್ಗರಣೆ ನಿಲ್ಲುತ್ತೆ ಅಂತ ಹೆದರುತ್ತೇವೆ. ನನ್ನನ್ನು ಕೇಳಿದರೆ ಚಿಂತೆ ಮಾಡಬೇಕಾದ ವಿಷಯ ಇದು. ಆದರೆ ಯಾರೂ ಇದನ್ನು ಕೇಳುವುದಿಲ್ಲ.

ಗಾಬರಿ ನಮ್ಮೂರಿನದ್ದು ಮಾತ್ರ ಅಂದುಕೊಳ್ಳಬೇಡಿ. 2023ರ ಜುಲೈ 20ಕ್ಕೆ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಎರಡು ದಿನಕ್ಕೆ ಅಮೆರಿಕದಿಂದ ಅಕ್ಕನ ಮಗಳ ಫೋನು. "ಮಾಮಾ, ಇಲ್ಲಿ ಸೋನಾಮಸೂರಿಗೆ ಕ್ಯೂ. ಒಂದು ಮನೆಗೆ ಒಂದೇ ಬ್ಯಾಗ್ ಅಂತ ಬೋರ್ಡ್ ಹಾಕಿದಾರೆ." ಎಷ್ಟು ಸಿಕ್ತಮ್ಮಾ ಅಂದೆ. ಆರು ಬ್ಯಾಗು, ಇಪ್ಪತ್ತು ಪೌಂಡಿನವು. ಗಂಡ ಒಂದು ಅಂಗಡಿ, ಅವಳು ಒಂದು ಅಂಗಡಿ, ಹಾಗೆ ಮೂರು ಸುತ್ತು! ಮನೆಯಲ್ಲಿರುವುದು ಇಬ್ಬರು, ಅದರಲ್ಲಿ ಅಳಿಯ ರಾತ್ರಿ ಅನ್ನ ಬಿಟ್ಟಿದ್ದಾನೆ. ಆರು ತಿಂಗಳಿಗೆ ಮತ್ತೆ ಫೋನು: "ಅಕ್ಕಿಗೆ ಹುಳ ಬಿದ್ದಿದೆ, ಏನ್ ಮಾಡೋದು?" ಬೇವಿನ ಸೊಪ್ಪು ಹಾಕು ಅಂದೆ. ಅಲ್ಲಿ ಬೇವು ಎಲ್ಲಿ ಸಿಗಬೇಕು.

ಯುದ್ಧವೇ ಆಗಬೇಕಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವು. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವ್ಯಾಪಾರಕ್ಕೆ ನೋಂದಣಿ ಬೇಕು ಅನ್ನುವುದು ಹಳೇ ನಿಯಮ. ಹಾವೇರಿಯಲ್ಲಿ ಒಬ್ಬ ತರಕಾರಿಯವನಿಗೆ 29 ಲಕ್ಷ ಕಟ್ಟು ಅಂತ ನೋಟಿಸ್ ಬಂದದ್ದು ಪೇಪರಿನಲ್ಲಿ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಮೂರೇ ದಿನದಲ್ಲಿ ಬೀದಿಯ ಕ್ಯೂಆರ್ ಸ್ಟಿಕ್ಕರುಗಳ ಮೇಲೆ "ಕ್ಯಾಶ್ ಮಾತ್ರ" ಅಂತ ರಟ್ಟು ಬಿತ್ತು. ನನ್ನ ಎದುರಿಗೆ ಬಾಳೆಹಣ್ಣು ಮಾರುವವನ ವ್ಯಾಪಾರ 40 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ, ಬಾಳೆಹಣ್ಣಿಗೂ ತೆರಿಗೆ ಇಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ. ಸೌಂಡ್‌ಬಾಕ್ಸನ್ನು ಗೋಣಿಚೀಲದಲ್ಲಿ ಸುತ್ತಿ ಗಾಡಿ ಕೆಳಗಿಟ್ಟ. ಆಫ್ ಮಾಡುವುದನ್ನು ಮರೆತಿದ್ದ. ಯಾರೋ ಹಳೇ ಗಿರಾಕಿ ಸ್ಟಿಕ್ಕರಿನ ಫೋಟೊ ಇಟ್ಟುಕೊಂಡಿದ್ದನೋ ಏನೋ, ಅರ್ಧ ಗಂಟೆಗೆ ಗಾಡಿಯ ಕೆಳಗಿಂದ ಹೆಣ್ಣು ದನಿ: ನಲವತ್ತು ರೂಪಾಯಿ ಬಂದಿದೆ. ಅವನು ಬೆಚ್ಚಿಬಿದ್ದು ಚೀಲದ ಮೇಲೆ ಇನ್ನೊಂದು ಚೀಲ ಹಾಕಿದ. ಆಮೇಲೆ ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆದು ಮಾತಾಡಿದರು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದರು, ರಟ್ಟುಗಳು ಒಂದೊಂದಾಗಿ ಇಳಿದವು. ಅವನನ್ನು ಹೆದರಿಸಿದ್ದು ನೋಟಿಸಲ್ಲ, ಪಕ್ಕದ ಗಾಡಿಯ ರಟ್ಟು.

ಇಷ್ಟೆಲ್ಲ ನಕ್ಕುಕೊಂಡು ಹೇಳಿದರೂ ಒಂದು ದಿನ ನಗು ಬರಲಿಲ್ಲ. 2022ರ ಮಾರ್ಚ್ 1. ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಚಳಗೇರಿಯ ಹುಡುಗ ಶೆಲ್ ದಾಳಿಗೆ ಸಿಕ್ಕು ಸತ್ತ. ಚಳಗೇರಿ ಅಂದರೆ ಹರಿಹರ ದಾಟಿ ರಾಣೆಬೆನ್ನೂರಿಗೆ ಹೋಗುವಾಗ ಟೋಲ್ ಸಿಗುತ್ತಲ್ಲ, ಆ ಊರು. ನನ್ನ ಮೆಣಸಿನಕಾಯಿ ಬರುವುದೂ ಆ ದಾರಿಯಲ್ಲೇ. ಅವನು ಸತ್ತದ್ದು ದಿನಸಿ ಅಂಗಡಿಯ ಮುಂದೆ. ತಿನ್ನಲು ಏನಾದರೂ ತರೋಣ ಅಂತ ಹೋಗಿ ಸಾಲಿನಲ್ಲಿ ನಿಂತಿದ್ದನಂತೆ.

ಅವತ್ತು ಸಂಜೆ ಅಂಗಡಿಯ ಸಣ್ಣ ಟಿವಿಯಲ್ಲಿ ಅದೇ ಓಡುತ್ತಿತ್ತು. ಐದಾರು ಜನ ನಿಂತಿದ್ದರು. ಯಾರೋ ಒಬ್ಬರು, "ಎಣ್ಣೆ ಇನ್ನೂ ಏರುತ್ತಾ ಅಣ್ಣ?" ಅಂದರು. ಏರುತ್ತೆ ಅಂದೆ. ಎರಡು ಪೌಚ್ ಚೀಲಕ್ಕೆ ಹಾಕಿಕೊಟ್ಟೆ. ಅವರು ದುಡ್ಡು ಕೊಟ್ಟರು, ಆದರೆ ಹೋಗಲಿಲ್ಲ. ಚೀಲ ಹಿಡಿದುಕೊಂಡು ಟಿವಿ ನೋಡುತ್ತಾ ನಿಂತರು. ಯಾರೂ ಹೋಗಲಿಲ್ಲ. ಇಪ್ಪತ್ತು ದಿನ ಕಳೆದು ಮಾರ್ಚ್ 21ಕ್ಕೆ ಹುಡುಗ ಊರಿಗೆ ಬಂದ. ಪೂಜೆ ಮುಗಿಸಿ ಅಪ್ಪ ಅಮ್ಮ ದೇಹವನ್ನು ನಮ್ಮೂರಿನ ವೈದ್ಯಕೀಯ ಕಾಲೇಜಿಗೆ ಕೊಟ್ಟರು, ಮಕ್ಕಳು ಓದಿಕೊಳ್ಳಲಿ ಅಂತ.

ನಿಜವಾಗಿ ಸಾಮಾನಿಗೆ ಕ್ಯೂ ನಿಲ್ಲಬೇಕಾದವರು ಖಾರ್ಕಿವ್‌ನಂಥ ಊರಿನಲ್ಲಿರುವವರು. ನಾನು ಇದನ್ನು ಗಿರಾಕಿಗಳಿಗೆ ಹೇಳುವುದಿಲ್ಲ. ಹೇಳಿದರೆ ಬುದ್ಧಿ ಹೇಳಿದ ಹಾಗಾಗುತ್ತದೆ. ಹದಿನೈದು ದಿನದ್ದು ಸಾಕು ಅಂತಷ್ಟೇ ಹೇಳುತ್ತೇನೆ.

2025ರ ಮೇ 10ಕ್ಕೆ ಕದನ ವಿರಾಮ ಆಯಿತಲ್ಲ, ಅದಾಗಿ ನಾಲ್ಕೈದು ದಿನಕ್ಕೆ ಟೀಚರಮ್ಮ ಬಂದರು. ಕೈಯಲ್ಲಿ ಅದೇ ಕವರು.

"ಇವು ವಾಪಸ್ ತಗೋತೀಯೇನಪ್ಪ?"

ಎಣಿಸಿದೆ. ಐದಿದ್ದವು.

"ಇನ್ನೊಂದು ಟೀಚರ್?"

"ಮೊನ್ನೆ ಮಳೆಗೆ ಕರೆಂಟ್ ಹೋಗಿತ್ತಲ್ಲೋ" ಅಂದರು.