ಬೀಗದಕೈ ಗೊಂಚಲಿಗೊಂದು ಬ್ಯಾಟ್ರಿ

ಹಳ್ಳಿ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಒಳಗೆ ಹಾಕುವುದು ಶೆಲ್ಲು. ಮೂರು ಶೆಲ್ಲಿನ ಉದ್ದನೆಯ ಬ್ಯಾಟ್ರಿ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಕೈಗೆ ಬರುತ್ತದೆ, ಮನೆಗೆ ಬಂದಮೇಲೆ ಮೊಳೆಗೆ ಹೋಗುತ್ತದೆ. ಕೀ ಗೊಂಚಲಿನಲ್ಲಿ ನೇತಾಡುವ ಬೆರಳುದ್ದದ ಟಾರ್ಚಿನ ಬಾಳು ಬೇರೆ. ದಿನಕ್ಕೆ ಎರಡು ನಿಮಿಷ ಉರಿದರೆ ಹೆಚ್ಚು: ಕರೆಂಟು ಹೋದಾಗ ಮೆಟ್ಟಿಲು, ಎಂಸಿಬಿ ಡಬ್ಬಿ, ಸ್ಕೂಟರ್ ಸೀಟಿನಡಿ ಬಿದ್ದ ಚೀಟಿ, ಕತ್ತಲಲ್ಲಿ ಬೀಗದ ತೂತು. ಉಳಿದ 1438 ನಿಮಿಷ ಅದು ಜೇಬಿನಲ್ಲಿ ಕೀಲಿ, ಚಿಲ್ಲರೆ, ಬೆವರು, ಧೂಳಿನ ಜೊತೆ ಉಜ್ಜಾಡುತ್ತಾ ಆರಿಕೊಂಡಿರುತ್ತದೆ. ಇಂಥ ಟಾರ್ಚು ಕೆಡುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಹಾಗಾಗಿ ಕೊಳ್ಳುವಾಗ ಎಷ್ಟು ಲುಮೆನ್ (ಒಟ್ಟು ಬೆಳಕಿನ ಅಳತೆ) ಎಂದು ಕೇಳುವ ಮೊದಲು, ಆರು ತಿಂಗಳು ಮುಟ್ಟದೆ ಬಿಟ್ಟರೆ ಏನಾಗುತ್ತದೆ ಎಂದು ಕೇಳಿ.

ಫೋನಿನಲ್ಲೇ ಟಾರ್ಚಿದೆಯಲ್ಲ ಎನ್ನುವವರಿಗೆ ಒಂದೇ ಮಾತು: ಮಳೆಯಲ್ಲಿ ನೆನೆದ ಬೆರಳಿಗೆ ಫೋನಿನ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ, ಎರಡೂ ಕೈಗೆ ಕೆಲಸವಿದ್ದಾಗ ಫೋನನ್ನು ಹಲ್ಲಲ್ಲಿ ಕಚ್ಚಿ ಹಿಡಿಯಲೂ ಆಗುವುದಿಲ್ಲ.

ಶೆಲ್ಲು ಮೊದಲು, ಟಾರ್ಚು ಆಮೇಲೆ

ಈ ಪುಟ್ಟ ಟಾರ್ಚುಗಳಲ್ಲಿ ಮುಖ್ಯವಾಗಿ ಮೂರು ಜಾತಿ: ನಾಣ್ಯದಂಥ ಬಟನ್ ಶೆಲ್ಲಿನವು, ಟಿವಿ ರಿಮೋಟಿಗೆ ಹಾಕುವ ಎಎಎ ಶೆಲ್ಲಿನವು, ಒಳಗೇ ಲಿಥಿಯಂ ಬ್ಯಾಟರಿ ಕೂರಿಸಿ ಯುಎಸ್‌ಬಿಯಿಂದ ಚಾರ್ಜ್ ಮಾಡುವವು.

ಬಟನ್ ಶೆಲ್ಲಿನದು ತೀರಾ ಸರಳ. ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು, ಸಿಆರ್2032 ಎಂಬ ಬಟನ್ ಶೆಲ್ ಕೊಡುವುದೂ 3 ವೋಲ್ಟ್. ನಡುವೆ ಸರ್ಕ್ಯೂಟೇ ಇಲ್ಲದಿದ್ದರೂ ನಡೆಯುತ್ತದೆ. ಫೋಟಾನ್ ಮೈಕ್ರೋಲೈಟ್ ಎಂಬ ಪುಟ್ಟ ಟಾರ್ಚು ಹೆಸರಾದದ್ದು ಈ ಮಾದರಿಯಿಂದಲೇ. ಕೆಲವೇ ಗ್ರಾಂ ತೂಕ, ಶೆಲ್ ವರ್ಷಗಟ್ಟಲೆ ಸುಮ್ಮನೆ ಕೂತರೂ ಹಾಳಾಗದು. ಆದರೆ 220 ಎಂಎಎಚ್ (ಶೆಲ್ಲಿನಲ್ಲಿ ಹಿಡಿಯುವ ಚಾರ್ಜಿನ ಅಳತೆ) ಆಸುಪಾಸಿನ ಈ ಶೆಲ್ ಒಮ್ಮೆಗೇ ಹೆಚ್ಚು ಕರೆಂಟು ಕೊಡಲಾರದು. ಮೊದಲ ಕೆಲವು ನಿಮಿಷ ಪ್ರಖರವಾಗಿ ಉರಿದು, ಆಮೇಲೆ ಗಂಟೆಗಟ್ಟಲೆ ಮಂಕಾಗುತ್ತಾ ಹೋಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೊಳ್ಳಿ. 20 ಮಿ.ಮೀ. ಅಗಲದ ಲಿಥಿಯಂ ಶೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಅಂಥ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಯುಎಸ್‌ಬಿಯವು ನೋಡಲು ಚೆಂದ, ಬೆಳಕೂ ಜೋರು. ಅವುಗಳ ಕಷ್ಟ ಆಯುಸ್ಸಿನದು. ಒಳಗಿನ ಬ್ಯಾಟರಿ ನೂರರಿಂದ ಮುನ್ನೂರು ಎಂಎಎಚ್ ಇರಬಹುದು, ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟಷ್ಟೂ ಬೇಗ ಮುದಿಯಾಗುತ್ತದೆ. ಚಾರ್ಜಿಂಗ್ ತೂತಿಗೆ ಮುಚ್ಚಿದ ರಬ್ಬರ್ ಕಿತ್ತುಹೋದರೆ ನೀರಿಗೆ ದಾರಿಯಾಯಿತು. ಇನ್ನೊಂದು ಗುಟ್ಟು: ಟೈಪ್-ಸಿ ತೂತಿದ್ದೂ ಅಗ್ಗದ ಎಷ್ಟೋ ಟಾರ್ಚುಗಳು ಹೊಸ ಫೋನ್ ಚಾರ್ಜರಿನ ಎರಡೂ ಕಡೆ ಸಿ ಇರುವ ಕೇಬಲ್ಲಿಗೆ ಚಾರ್ಜೇ ಆಗುವುದಿಲ್ಲ. ‘ಇಲ್ಲಿ ಕರೆಂಟು ಬೇಕು’ ಎಂದು ಚಾರ್ಜರಿಗೆ ತಿಳಿಸುವ 5.1 ಕಿಲೋಓಮ್‌ನ ಎರಡು ರೆಸಿಸ್ಟರುಗಳನ್ನು ಉಳಿತಾಯಕ್ಕಾಗಿ ಬಿಟ್ಟಿರುತ್ತಾರೆ. ಹಳೆಯ ಅಗಲ ಯುಎಸ್‌ಬಿ ತಲೆಯ ಕೇಬಲ್ ಹಾಕಿದರೆ ಅದೇ ಟಾರ್ಚು ಚಾರ್ಜ್ ಆಗುತ್ತದೆ. ಕೆಟ್ಟಿದೆ ಎಂದು ಬಿಸಾಡುವ ಮೊದಲು ಇದನ್ನು ನೋಡಿ.

ಹೆಚ್ಚಿನವರಿಗೆ ಹೊಂದುವುದು ಎಎಎ. ಶೆಲ್ಲಿನ ಅಳತೆ 10.5 ಮಿ.ಮೀ. ದಪ್ಪ, 44.5 ಮಿ.ಮೀ. ಉದ್ದ, ಟಾರ್ಚು 14 ಮಿ.ಮೀ. ದಪ್ಪ, 60ರಿಂದ 75 ಮಿ.ಮೀ. ಉದ್ದದೊಳಗೆ ಮುಗಿಯುತ್ತದೆ. ಹಾಲು, ಬಿಸ್ಕತ್ತು ಮಾರುವ ಅಂಗಡಿಯಲ್ಲೂ ‘ರಿಮೋಟ್ ಶೆಲ್ ಕೊಡಿ’ ಎಂದರೆ ಸಿಗುತ್ತದೆ. ಹಾಗೆ ಸಿಗುವ ಅಗ್ಗದ್ದು ಬಹುಪಾಲು ಜಿಂಕ್ ಕಾರ್ಬನ್. ರಿಮೋಟಿಗೆ ಸರಿ, ಟಾರ್ಚಿಗಲ್ಲ.

ಆಲ್ಕಲೈನ್ ಶೆಲ್ಲನ್ನೂ ಕೀ ಗೊಂಚಲಿನ ಟಾರ್ಚಿನಲ್ಲಿ ಬಿಟ್ಟು ಮರೆಯಬಾರದು. ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಶೆಲ್ ಖಾಲಿಯಾಗುತ್ತಾ ಒಳಗೆ ಹೈಡ್ರೋಜನ್ ಕೂಡಿ ಒತ್ತಡ ಏರುತ್ತದೆ, ಸೀಲು ಬಿಟ್ಟುಕೊಳ್ಳುತ್ತದೆ. ಹೊರಬಂದ ಕ್ಷಾರ ಗಾಳಿ ತಾಗಿ ಬಿಳಿ ಹಿಟ್ಟಾಗುತ್ತದೆ, ಅಲ್ಯೂಮಿನಿಯಂ ಕೊಳವೆಯನ್ನು ತಿನ್ನುತ್ತದೆ. ಈ ಟಾರ್ಚುಗಳಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ 1.5 ವೋಲ್ಟನ್ನು 3ಕ್ಕೆ ಏರಿಸುವ ಬೂಸ್ಟ್ ಸರ್ಕ್ಯೂಟ್ ಶೆಲ್ಲನ್ನು ಕೊನೆಯ ಹನಿವರೆಗೂ ಹೀರುತ್ತದೆ. ಜೊತೆಗೆ ಕೊಳವೆ ಶೆಲ್ಲಿಗಿಂತ ಕೂದಲೆಳೆಯಷ್ಟೇ ಅಗಲ; ಉಬ್ಬಿದ ಶೆಲ್ ಹೊರಗೆ ಬರುವುದೇ ಇಲ್ಲ. ಹಾಗೇನಾದರೂ ಆದರೆ ವಿನೆಗರ್ ಇಲ್ಲವೇ ನಿಂಬೆರಸ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷ ಇಡಿ, ಬಾಯಿ ಕೆಳಗೆ ಮಾಡಿ ಮರದ ಹಲಗೆಗೆ ತಟ್ಟಿ. ಬಂದರೆ ಹತ್ತಿಯಲ್ಲಿ ಒರೆಸಿ, ನೀರಿನ ಪಸೆಯ ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಿಸಿ. ಅಡುಗೆ ಸೋಡಾ ಹಾಕಬೇಡಿ. ಅದು ಆ್ಯಸಿಡ್ ಸೋರುವ ಕಾರ್ ಬ್ಯಾಟರಿಗೆ ಮದ್ದು, ಇಲ್ಲಿ ಸೋರಿರುವುದು ಕ್ಷಾರ.

ಬದಲಿಗೆ ಹಾಕಬೇಕಾದ್ದು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಶೆಲ್, ಅದರಲ್ಲೂ ಇಟ್ಟಲ್ಲೇ ಬೇಗ ಚಾರ್ಜ್ ಕಳೆದುಕೊಳ್ಳದ ಎನೆಲೂಪ್ ತರಹದ್ದು. 1.2 ವೋಲ್ಟ್, 750ರಿಂದ 800 ಎಂಎಎಚ್. ಬೂಸ್ಟ್ ಸರ್ಕ್ಯೂಟಿಗೆ 1.2 ಸಾಕು. ಸೋರುವುದು ಅಪರೂಪ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಇಡುವುದಾದರೆ ರೀಚಾರ್ಜ್ ಆಗದ 1.5 ವೋಲ್ಟ್ ಲಿಥಿಯಂ ಎಎಎ ದುಬಾರಿಯಾದರೂ ಸರಿ. ಆಲ್ಕಲೈನ್ ಶೆಲ್ 11 ಗ್ರಾಂ ದಾಟಿದರೆ ಇದು 8 ಗ್ರಾಂ ಕೂಡ ಇಲ್ಲ. ಆದರೆ ಅದೇ ಗಾತ್ರದ 10440 ಎಂಬ 3.7 ವೋಲ್ಟಿನ ಶೆಲ್ಲನ್ನು, ಟಾರ್ಚಿನ ಕಾಗದದಲ್ಲಿ ಹಾಕಬಹುದು ಎಂದು ಬರೆದಿದ್ದರೆ ಮಾತ್ರ ಹಾಕಿ. ತುಂಬಿದಾಗ ಅದು 4.2 ವೋಲ್ಟ್, 1.5ಕ್ಕೆ ಮಾಡಿದ ಸರ್ಕ್ಯೂಟ್ ಕಣ್ಣು ಕೋರೈಸುವಷ್ಟು ಬೆಳಗಿ ಸುಟ್ಟುಹೋಗಬಹುದು.

ತಿರುಪೋ, ಗುಂಡಿಯೋ

ತಲೆ ತಿರುಗಿಸಿದರೆ ಹತ್ತುವ ಟಾರ್ಚಿನಲ್ಲಿ ಬೇರೆ ಸ್ವಿಚ್ಚೇ ಇಲ್ಲ. ಕೊಳವೆಯ ಬಣ್ಣವಿಲ್ಲದ ಬರಿಯ ಅಂಚು ತಲೆಯೊಳಗಿನ ಸರ್ಕ್ಯೂಟ್ ಬಿಲ್ಲೆಗೆ ತಾಗಿದರೆ ದಾರಿ ಪೂರ್ತಿ, ಬಿಟ್ಟರೆ ಕಡಿತ. ಆರಿದ್ದರೆ ನಿಜವಾಗಿ ಆರಿದೆ, ಒಂದು ಹನಿ ಕರೆಂಟೂ ಹೋಗದು. ಮ್ಯಾಗ್‌ಲೈಟ್ ಸೋಲಿಟೇರ್, ಓಲೈಟ್ ಐ3ಇ ಇವೆಲ್ಲ ತಿರುಪಿನವು.

ಇದರ ದೋಷವೂ ಗೊತ್ತಿರಲಿ. ಜೇಬಿನಲ್ಲಿ ಉಜ್ಜಾಡಿ ತಲೆ ತಾನಾಗಿ ಬಿಚ್ಚಿಕೊಳ್ಳಬಹುದು. ಉಂಗುರ ಬಾಲದಲ್ಲಿದ್ದರೆ ಒಂದು ದಿನ ಕೀ ಗೊಂಚಲಿನಲ್ಲಿ ಬರೀ ಕೊಳವೆ ಉಳಿದಿರುತ್ತದೆ. ತಲೆ ಸಡಿಲವಾಗಿ ಜಾರುವಂತಿದ್ದರೆ ಕೊಳ್ಳಬೇಡಿ, ನೀರು ತಡೆಯುವ ರಬ್ಬರ್ ಬಳೆಯಾದ ಒ-ರಿಂಗಿನ ಬಿಗಿ ಕೈಗೆ ತಿಳಿಯಬೇಕು. ಆರಿದ ಮೇಲೆ ಇನ್ನು ಕಾಲು ಸುತ್ತು ಮಾತ್ರ ತಿರುಗಿಸಿ: ಅದಕ್ಕಿಂತ ಕಡಿಮೆಯಾದರೆ ಜೇಬಿನಲ್ಲಿ ಒತ್ತಿಕೊಂಡು ಹತ್ತುತ್ತದೆ, ಒಂದು ಸುತ್ತು ದಾಟಿದರೆ ಬಿದ್ದುಹೋಗುತ್ತದೆ. ಮಿಣುಕಲು ಶುರುವಾದರೆ ಹತ್ತಕ್ಕೆ ಒಂಬತ್ತು ಸಲ ಕೊಳೆಯೇ ಕಾರಣ. ಕೊಳವೆಯ ಅಂಚು, ಮರೆ (ತಿರುಪಿನ ಸುರುಳಿ ಗೆರೆ) ಎರಡನ್ನೂ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಸರಿಹೋಗುತ್ತದೆ.

ಬಾಲದಲ್ಲಿ ಟಿಕ್ಕೆನ್ನುವ ಗುಂಡಿ ಒಂದೇ ಕೈಗೆ ಅನುಕೂಲ. ಗುಂಡಿ ಅಂಚಿಗಿಂತ ಮೇಲೆದ್ದಿದ್ದರೆ ಮಾತ್ರ ಬೇಡ.

ಪಕ್ಕದ ಮೆತ್ತನೆ ಗುಂಡಿ ಎಲೆಕ್ಟ್ರಾನಿಕ್. ನಿಮ್ಮ ಬೆರಳಿಗಾಗಿ ಕಾಯಲೆಂದು ಸರ್ಕ್ಯೂಟ್ ಸದಾ ಅರೆನಿದ್ದೆಯಲ್ಲಿರುತ್ತದೆ, ಆ ಅರೆನಿದ್ದೆಗೂ ಕರೆಂಟು ಬೇಕು. 20 ಮೈಕ್ರೋಆಂಪ್ ಎಂದಿಟ್ಟುಕೊಳ್ಳಿ: ವರ್ಷದ 8760 ಗಂಟೆಗೆ 175 ಎಂಎಎಚ್. 800ರ ಎಎಎ ಶೆಲ್ಲಿಗೆ ಇದು ತಡೆಯುವ ನಷ್ಟ. 130 ಎಂಎಎಚ್ ಇರುವ ಪುಟ್ಟ ಯುಎಸ್‌ಬಿ ಟಾರ್ಚು ಮಾತ್ರ ಒಮ್ಮೆಯೂ ಹತ್ತದೆ ಒಂಬತ್ತು ತಿಂಗಳಲ್ಲಿ ಖಾಲಿ. ಮಲ್ಟಿಮೀಟರ್ ಇದ್ದವರು ಶೆಲ್ಲಿಗೆ ಸರಣಿಯಲ್ಲಿ ಜೋಡಿಸಿ ಮೈಕ್ರೋಆಂಪ್ ವ್ಯಾಪ್ತಿಯಲ್ಲಿ ಅಳೆಯಬಹುದು. ಆ ಜೋಡಣೆಯಲ್ಲಿ ಗುಂಡಿ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಲುಮೆನ್ ಲೆಕ್ಕ

ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. 750 ಎಂಎಎಚ್ ಅನ್ನು 1.2 ವೋಲ್ಟಿನಿಂದ ಗುಣಿಸಿದರೆ 0.9 ವ್ಯಾಟ್-ಗಂಟೆ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ 100 ಲುಮೆನ್ ಕೊಡುತ್ತದೆ, ಸರ್ಕ್ಯೂಟಿನಲ್ಲಿ ಐದರಲ್ಲೊಂದು ಪಾಲು ಸೋರುತ್ತದೆ ಎಂದುಕೊಂಡರೆ 100 ಲುಮೆನ್ ಮುಕ್ಕಾಲು ಗಂಟೆಯ ಆಸುಪಾಸು ನಿಲ್ಲುತ್ತದೆ. ಒಂದು ಎಎಎಯಲ್ಲಿ 100 ಲುಮೆನ್ ಎಂಟು ಗಂಟೆ ಎಂದು ಬರೆದಿದ್ದರೆ ಲೆಕ್ಕ ಕೂಡುವುದಿಲ್ಲ.

ಪೂರ್ತಿ ಸುಳ್ಳೆಂದೂ ಅಲ್ಲ. ಟಾರ್ಚುಗಳಿಗೆಂದೇ ಇರುವ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡದಲ್ಲಿ ಬೆಳಕನ್ನು ಅಳೆಯುವುದು ಹತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಉರಿಯುವ ಅವಧಿ ಮುಗಿಯಿತೆನ್ನುವುದು ಬೆಳಕು ಹತ್ತನೇ ಒಂದಕ್ಕೆ ಇಳಿದಾಗ. ಮೂರನೇ ನಿಮಿಷಕ್ಕೆ 100ರಿಂದ 20ಕ್ಕೆ ಇಳಿದು ಗಂಟೆಗಟ್ಟಲೆ ಎಳೆದರೂ ಕಾಗದದ ಮೇಲೆ ಅದು 100 ಲುಮೆನ್ನಿನ ಟಾರ್ಚೇ. ಅದೇ ಮಾನದಂಡದ ‘ದೂರ’ ಎಂದರೆ ಬೆಳಕು 0.25 ಲಕ್ಸ್, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯಷ್ಟು, ಉಳಿಯುವ ಜಾಗ. ಅಲ್ಲಿ ನಿಂತವರ ಮುಖ ಗುರುತಾಗದು.

ನೋಡಬೇಕಾದ ಅಂಕಿ ಅತಿ ಕಡಿಮೆ ಬೆಳಕಿನದು. ಕತ್ತಲಿಗೆ ಒಗ್ಗಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಮಲಗಿದ ಮಗುವಿನ ಪಕ್ಕ 90 ಲುಮೆನ್ ಹತ್ತಿಸಿದರೆ ಮಗು ಎಚ್ಚರ, ನಿಮ್ಮ ಕಣ್ಣು ಕುರುಡು. 1ರಿಂದ 5 ಲುಮೆನ್ನಿನ ಮಂದ ಬೆಳಕಿರಲಿ, ಹತ್ತಿಸಿದೊಡನೆ ಮೊದಲು ಅದೇ ಬರಲಿ. ಕೈಯಳತೆಯ ಕೆಲಸಕ್ಕೆ ಅದು ಧಾರಾಳ. ಮಳೆಗಾಲದ ಕಾಲುದಾರಿಯಲ್ಲಿ ಹೆಜ್ಜೆ ಮುಂದಿನ ಹಾವು ಕಾಣಲು 50ರಿಂದ 100 ಸಾಕು. ಜೊತೆಗೆ ಬೆಳಕಿನ ಛಾಯೆ 4000ದಿಂದ 5000 ಕೆಲ್ವಿನ್, ಬಣ್ಣ ತೋರಿಸುವ ಸಿಆರ್‌ಐ 90 ಇರುವ ಎಲ್‌ಇಡಿ ಸಿಕ್ಕರೆ ಸ್ವಲ್ಪ ಲುಮೆನ್ ಬಿಟ್ಟುಕೊಟ್ಟಾದರೂ ತೆಗೆದುಕೊಳ್ಳಿ. ನೀಲಿ ಛಾಯೆಯ ಅಗ್ಗದ ಬೆಳಕಲ್ಲಿ ಕೆಂಪು ವೈರು, ಕಂದು ವೈರು ಒಂದೇ ಥರ ಕಾಣುತ್ತವೆ. ತರಗೆಲೆಯ ಮೇಲಿನ ಹಾವೂ ತರಗೆಲೆಯೇ.

ಮೈ, ಉಂಗುರ, ರಬ್ಬರು

ಟೈಟಾನಿಯಂ ಎಂದು ಮರುಳಾಗಬೇಡಿ. ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ, ಟೈಟಾನಿಯಂ ಮರೆಗಳು ಎಣ್ಣೆಪಸೆ ಇಲ್ಲದಿದ್ದರೆ ಕಚ್ಚಿಕೊಳ್ಳುತ್ತವೆ. ಗಟ್ಟಿ ಆನೊಡೈಸಿಂಗ್ ಆದ, ಅಂದರೆ ಮೈಮೇಲೆ ಗಟ್ಟಿ ಪದರ ಬೆಳೆಸಿ ಟೈಪ್-3 ಎಂದು ಬರೆದ ಅಲ್ಯೂಮಿನಿಯಂ ಸಾಕು. ಕೀಲಿ ಉಜ್ಜಿ ಅಂಚುಗಳಲ್ಲಿ ಬೆಳ್ಳಗಾಗುತ್ತದೆ, ಆಗಲಿ. ಗಾಜು ಅಂಚಿನಿಂದ ಒಂದು ಮಿಲಿಮೀಟರಾದರೂ ಒಳಗಿರಬೇಕು.

ಉಂಗುರದ ತೂತು ಕಡೆಗಣಿಸುವಂಥದ್ದಲ್ಲ. ಸ್ಟೀಲ್ ಉಂಗುರ ಅಲ್ಯೂಮಿನಿಯಂ ತೂತನ್ನು ಮೆಲ್ಲಗೆ ಕೊರೆದು ಮೊಟ್ಟೆಯಾಕಾರ ಮಾಡುತ್ತದೆ; ತೂತಿನ ಸುತ್ತ 2 ಮಿ.ಮೀ. ಲೋಹವಾದರೂ ಇರಲಿ. ಬೈಕಿನ ಇಗ್ನಿಷನ್ ಕೀಲಿಗೆ ಟಾರ್ಚು ಕಟ್ಟಬೇಡಿ. ಓಡುವಾಗಿನ ನಡುಕಕ್ಕೆ ಶೆಲ್ ಒಳಗೇ ಬಡಿದು ಸ್ಪ್ರಿಂಗ್ ಕುಗ್ಗುತ್ತದೆ, ತಿರುಪು ಸಡಿಲವಾಗುತ್ತದೆ. ಮನೆಯ ಕೀಲಿಯ ಜೊತೆ, ಬಿಚ್ಚಿ ತೆಗೆಯಲು ಬರುವ ಪುಟ್ಟ ಕೊಂಡಿಯಲ್ಲಿ ಹಾಕಿ.

ಮುಂಗಾರಿಗೆ ನೀರು ತಡೆಯುವ ದರ್ಜೆ ಐಪಿಎಕ್ಸ್7 ಸಾಕು: ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಕೊಂಡ ದಿನವೇ ಶೆಲ್ ತೆಗೆದು, ಟಿಶ್ಯೂ ಕಾಗದ ಸುರುಳಿ ಸುತ್ತಿ ಒಳಗಿಟ್ಟು, ಬಿಗಿ ಮಾಡಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿದ್ದರೆ ಉಳಿಸಿಕೊಳ್ಳಿ, ಒದ್ದೆಯಾಗಿದ್ದರೆ ವಾಪಸು. ಒ-ರಿಂಗಿಗೆ ಆರು ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ಅಕ್ಕಿಕಾಳಷ್ಟು. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಚಳಿಗೆ ಹೆಪ್ಪುಗಟ್ಟಿ, ಧೂಳು ಸೇರಿ, ಮರೆಯಲ್ಲಿ ಅಂಟಾಗುತ್ತದೆ.

ಗ್ಯಾಸ್ ವಾಸನೆ ಬಂದಾಗ ಇಂಥ ಟಾರ್ಚನ್ನು ಅಡುಗೆಮನೆಯಲ್ಲಿ ಹತ್ತಿಸಬೇಡಿ, ಆರಿಸಲೂ ಬೇಡಿ. ಇವು ಕಿಡಿ ತಡೆಯುವಂತೆ ಮಾಡಿದವಲ್ಲ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಬನ್ನಿ.

ರೀಚಾರ್ಜ್ ಶೆಲ್ ಎರಡು ಕೊಳ್ಳಿ: ಒಂದು ಟಾರ್ಚಿನಲ್ಲಿ, ಒಂದು ಚಾರ್ಜ್ ಆಗಿ ಮನೆಯಲ್ಲಿ. ಖಾಲಿ ಶೆಲ್ ಮುನ್ಸೂಚನೆ ಕೊಡದೆ ಒಮ್ಮೆಲೇ ಆರುವುದರಿಂದ ತಾರೀಖು ನೆನಪಿಡುವುದಕ್ಕಿಂತ ಸುಲಭದ ದಾರಿ, ಎರಡು ಗ್ಯಾಸ್ ಸಿಲಿಂಡರ್ ಮುಗಿಯುವಷ್ಟರಲ್ಲಿ ಶೆಲ್ಲನ್ನೂ ಅದಲುಬದಲು ಮಾಡಿಬಿಡುವುದು.